ಅಡ್ಡಪರಿಣಾಮಕ್ಕೇ ಕೆಲಸ ಸಿಕ್ಕಿದ ಕಥೆ: ರಿಟೊನಾವಿರ್ ಮತ್ತು ಅದರ ಎರಡು ಥಯಾಜೋಲ್ ಉಂಗುರಗಳು

ಕೋವಿಡ್‌ಗೆ ಕೊಡುವ ಪ್ಯಾಕ್ಸ್‌ಲೋವಿಡ್ ಔಷಧವನ್ನು ಹೊತ್ತಿಗೆ ಮೂರು ಮಾತ್ರೆಯಂತೆ, ದಿನಕ್ಕೆ ಎರಡು ಹೊತ್ತು, ಐದು ದಿನ ನುಂಗಬೇಕು. ಮೂರರಲ್ಲಿ ಎರಡು ಗುಲಾಬಿ, ಒಂದು ಬಿಳಿ. ಗುಲಾಬಿ ಮಾತ್ರೆಗಳಲ್ಲಿರುವುದು ನಿರ್ಮಾಟ್ರೆಲ್ವಿರ್. ವೈರಸ್ಸನ್ನು ತಡೆಯುವುದು ಅದು. ಬಿಳಿ ಮಾತ್ರೆಯಲ್ಲಿರುವ 100 ಮಿಲಿಗ್ರಾಂ ರಿಟೊನಾವಿರ್ ಕೊರೋನಾದ ತಂಟೆಗೇ ಹೋಗುವುದಿಲ್ಲ. ಅದರ ಗುರಿ ರೋಗಿಯ ಸ್ವಂತ ಯಕೃತ್ತು ಮತ್ತು ಕರುಳು. ಅಲ್ಲಿ ಔಷಧಗಳನ್ನು ಕಡಿದು ಹೊರಹಾಕುವ ಒಂದು ಕಿಣ್ವಕ್ಕೆ ಬೀಗ ಹಾಕಿ ಕೂರುತ್ತದೆ. ಗುಲಾಬಿ ಮಾತ್ರೆ ರಕ್ತದಲ್ಲಿ ಸಾಕಷ್ಟು ಹೊತ್ತು ಉಳಿಯುವುದು ಆ ಬೀಗದ ದಯೆಯಿಂದ.

ಈ ಬಿಳಿ ಮಾತ್ರೆ ಹುಟ್ಟಿದ್ದು ಈ ಕೆಲಸಕ್ಕಲ್ಲ. ಏಡ್ಸ್ ವೈರಸ್ಸನ್ನು ತಾನೇ ಸದೆಬಡಿಯಬೇಕಾದ ಔಷಧವಾಗಿ ಅದು 1996ರಲ್ಲಿ ಮಾರುಕಟ್ಟೆಗೆ ಬಂತು. ಎರಡು ವರ್ಷ ಕಳೆಯುವಷ್ಟರಲ್ಲಿ ಕಾರ್ಖಾನೆಯೊಳಗೇ ಕೈಕೊಟ್ಟಿತು. ಮುಂದೆ ಅದರ ದೋಷ ಎನ್ನಿಸಿಕೊಂಡದ್ದೇ ಅದರ ಉದ್ಯೋಗವಾಯಿತು. ಈ ಏರಿಳಿತಗಳ ನಡುವೆ ಪದೇ ಪದೇ ಎದುರಾಗುವುದು ಐದು ಪರಮಾಣುಗಳ ಒಂದು ಪುಟ್ಟ ಉಂಗುರ, ಥಯಾಜೋಲ್.

ಥಯಾಜೋಲ್ ಎಂದರೆ ಮೂರು ಇಂಗಾಲ, ಒಂದು ಗಂಧಕ, ಒಂದು ಸಾರಜನಕ ಸೇರಿದ ಪಂಚಕೋನ. ನಮಗೆ ಇದು ಅಪರಿಚಿತವೇನಲ್ಲ. ಪಾಲಿಶ್ ಮಾಡದ ಅಕ್ಕಿಯ ತೌಡಿನಲ್ಲಿರುವ ಬಿ1 ಜೀವಸತ್ವ, ಅಂದರೆ ಥಯಾಮಿನ್, ಈ ಉಂಗುರವನ್ನು ಹೊತ್ತ ಅಣು. ಎದೆಯುರಿಗೆ ನುಂಗುವ ಫೆಮೊಟಿಡಿನ್, ಜ್ವರಕ್ಕೆ ಬರೆದುಕೊಡುವ ಸೆಫಿಕ್ಸಿಮ್, ಮಂಡಿನೋವಿನ ಮೆಲಾಕ್ಸಿಕಾಮ್, ರಕ್ತದ ಕ್ಯಾನ್ಸರಿನ ಡಾಸಾಟಿನಿಬ್ ಇವೆಲ್ಲದರಲ್ಲೂ ಅದಿದೆ. ಇಂಥ ಪಟ್ಟಿಯನ್ನು ಮುಂದಿಟ್ಟುಕೊಂಡು ಥಯಾಜೋಲ್‌ಗೆ ಬ್ಯಾಕ್ಟೀರಿಯಾ ಕೊಲ್ಲುವ, ಉರಿಯೂತ ತಗ್ಗಿಸುವ, ಕ್ಯಾನ್ಸರ್ ತಡೆಯುವ ಗುಣಗಳಿವೆ ಎಂದು ಬರೆದುಬಿಡುವ ಅಭ್ಯಾಸ ವಿದ್ಯಾರ್ಥಿಗಳ ಪ್ರಬಂಧಗಳಲ್ಲಷ್ಟೇ ಅಲ್ಲ, ಪ್ರಕಟವಾಗುವ ಲೇಖನಗಳಲ್ಲೂ ಇದೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಶಾಲೆ, ಸೆರೆಮನೆ, ಛತ್ರ ಮೂರನ್ನೂ ಇಟ್ಟಿಗೆಯಿಂದ ಕಟ್ಟಿದ್ದಾರೆಂದು ಇಟ್ಟಿಗೆಗೆ ಪಾಠ ಹೇಳುವ ಗುಣವಿದೆ ಎನ್ನಲಾಗದು. ಉಂಗುರ ಎಲ್ಲಿ ಕೂತಿದೆ, ಅದರ ಸಾರಜನಕ ಯಾವ ಕಡೆಗೆ ಮುಖ ಮಾಡಿದೆ, ಅಕ್ಕಪಕ್ಕ ಯಾರಿದ್ದಾರೆ ಎಂಬುದು ಮುಖ್ಯ. ರಿಟೊನಾವಿರ್‌ನಲ್ಲಿ ಎರಡು ಥಯಾಜೋಲ್‌ಗಳಿವೆ, ಮತ್ತು ಅವೆರಡೂ ಒಂದೇ ಕೆಲಸ ಮಾಡುವುದಿಲ್ಲ.

ಎರಡು ಹೋಳಿನ ಕಿಣ್ವ

ಎಚ್‌ಐವಿ ತನ್ನ ಪ್ರೋಟೀನುಗಳನ್ನು ಒಂದೊಂದಾಗಿ ತಯಾರಿಸುವುದಿಲ್ಲ. ಉದ್ದನೆಯ ಸರವಾಗಿ ಹೊಸೆದು, ಆಮೇಲೆ ಪ್ರೋಟಿಯೇಸ್ ಎಂಬ ಕತ್ತರಿಯಿಂದ ತುಂಡು ಮಾಡಿಕೊಳ್ಳುತ್ತದೆ. ಕತ್ತರಿ ಕೆಲಸ ಮಾಡದಿದ್ದರೆ ಹೊರಬರುವ ವೈರಸ್ ಕಣಗಳು ಬಲಿಯದ ಕಾಯಿಗಳಂತೆ, ಯಾರಿಗೂ ಸೋಂಕು ತಗುಲಿಸಲಾರವು. 1989ರಲ್ಲಿ ಈ ಕಿಣ್ವದ ಸ್ಫಟಿಕ ರಚನೆ ಗೊತ್ತಾಯಿತು. ತಲಾ 99 ಅಮೈನೊ ಆಮ್ಲಗಳ ಎರಡು ಸಮಾನ ಸರಪಳಿಗಳು ಬೇಳೆಯ ಎರಡು ಹೋಳುಗಳಂತೆ ಕೂಡಿಕೊಂಡು, ನಡುವಿನ ಸಂದಿಯಲ್ಲಿ ಕತ್ತರಿಸುವ ಜಾಗ ಮಾಡಿಕೊಂಡಿದ್ದವು. ಅರ್ಧ ಸುತ್ತು ತಿರುಗಿಸಿದರೆ ಮತ್ತೆ ಅದೇ ಆಕಾರ.

ಅಮೆರಿಕದ ಇಲಿನಾಯ್ ರಾಜ್ಯದ ಅಬಾಟ್ ಔಷಧ ಕಂಪನಿಯ ಪ್ರಯೋಗಾಲಯದಲ್ಲಿ ಡೇಲ್ ಕೆಂಫ್, ಜಾನ್ ಎರಿಕ್ಸನ್, ಡೇನಿಯಲ್ ನಾರ್ಬೆಕ್ ಮೊದಲಾದವರಿಗೆ ಹೊಳೆದ ಉಪಾಯ ಸರಳವಾಗಿತ್ತು: ಕಿಣ್ವ ಎರಡು ಸಮಪಾಲಾಗಿದ್ದರೆ, ಅದಕ್ಕೆ ಅಡ್ಡ ಹಾಕುವ ಅಣುವನ್ನೂ ಎರಡು ಸಮಪಾಲಾಗಿಯೇ ಕಟ್ಟೋಣ. ಈ ಸಂಶೋಧನೆಗೆ 1988ರಲ್ಲಿ ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆಯಿಂದ ಸುಮಾರು 35 ಲಕ್ಷ ಡಾಲರ್ ಅನುದಾನವೂ ಸಿಕ್ಕಿತು. ಈ ಅನುದಾನ ಮುಂದೆ ಮತ್ತೆ ಮಾತಿಗೆ ಬರಲಿದೆ.

ಸಮಪಾಲಿನ ಅಣುಗಳು ಕಿಣ್ವವನ್ನೇನೋ ಬಿಗಿಯಾಗಿ ಹಿಡಿದವು. ತೊಂದರೆ ಬಂದದ್ದು ಮನುಷ್ಯನ ದೇಹದಲ್ಲಿ. ಎ-77003 ಎಂಬ ಅಣುವಿನ ಎರಡೂ ತುದಿಗೆ, ನೀರಿನಲ್ಲಿ ಕರಗಲೆಂದು, ಪಿರಿಡಿನ್ ಎಂಬ ಸಾರಜನಕದ ಉಂಗುರಗಳನ್ನು ಜೋಡಿಸಿದ್ದರು. ಅದನ್ನು ರಕ್ತನಾಳಕ್ಕೇ ಹನಿಸಬೇಕಾಯಿತು. ಹನಿಸಿದರೂ ದೇಹ ಅದನ್ನು ಸರಸರನೆ ಹೊರಹಾಕಿತು. ಗಾತ್ರ ಇಳಿಸಿ, ಸಮಪಾಲಿನ ಹಟ ಬಿಟ್ಟು ಮಾಡಿದ ಎ-80987 ಬಾಯಿಯ ಮೂಲಕ ಒಳಗೆ ಹೋಯಿತು, ಆದರೆ ನಿಲ್ಲಲಿಲ್ಲ. ಯಕೃತ್ತು ಆ ಪಿರಿಡಿನ್ ಉಂಗುರದ ಸಾರಜನಕಕ್ಕೇ ಆಮ್ಲಜನಕ ಅಂಟಿಸಿ ಅಣುವನ್ನು ಸಾಗಹಾಕುತ್ತಿತ್ತು. ಕರಗಲೆಂದು ಸೇರಿಸಿದ ಭಾಗವೇ ಕಳ್ಳನಿಗೆ ತೆರೆದಿಟ್ಟ ಹಿತ್ತಲ ಬಾಗಿಲಾಗಿತ್ತು.

ಬೇಕಾಗಿದ್ದುದು ಪಿರಿಡಿನ್‌ನಂತೆ ನೀರಿಗೆ ಒಗ್ಗುವ, ಆದರೆ ಅದರಷ್ಟು ಸುಲಭವಾಗಿ ಉತ್ಕರ್ಷಣೆಗೆ ಒಳಗಾಗದ ಒಂದು ಉಂಗುರ. ಥಯಾಜೋಲ್ ಬಂದದ್ದು ಹೀಗೆ. ಇದರಲ್ಲಿ ಎಲೆಕ್ಟ್ರಾನುಗಳ ಸಾಂದ್ರತೆ ಕಡಿಮೆ, ಹಾಗಾಗಿ ಯಕೃತ್ತಿನ ಕಿಣ್ವಗಳಿಗೆ ಬಾಯಿ ಹಾಕಲು ಅಷ್ಟು ರುಚಿಯಿಲ್ಲ. ಅಣುವಿನ ಒಂದು ತುದಿಗೆ ಬರಿಯ ಥಯಾಜೋಲ್, ಇನ್ನೊಂದು ತುದಿಗೆ ಐಸೊಪ್ರೊಪೈಲ್ ಎಂಬ ಸಣ್ಣ ಕವಲನ್ನು ಹೊತ್ತ ಥಯಾಜೋಲ್. ಆ ಕವಲು ಪ್ರೋಟಿಯೇಸ್‌ನ 82ನೆಯ ಸ್ಥಾನದ ವ್ಯಾಲಿನ್ ಎಂಬ ಅಮೈನೊ ಆಮ್ಲಕ್ಕೆ ಒತ್ತಿಕೊಂಡು ಹಿಡಿತವನ್ನು ಇನ್ನಷ್ಟು ಬಿಗಿ ಮಾಡಿತು. ಈ ಅಣುವಿಗೆ ಎಬಿಟಿ-538 ಎಂದು ಹೆಸರಿಟ್ಟರು. ಮುಂದೆ ರಿಟೊನಾವಿರ್ ಎನ್ನಿಸಿಕೊಂಡದ್ದು ಇದೇ. 1995ರಲ್ಲಿ ಪ್ರಕಟವಾದ ಲೇಖನದ ಶೀರ್ಷಿಕೆಯಲ್ಲೇ, ಇದು ಬಾಯಿಯ ಮೂಲಕ ಮನುಷ್ಯರಲ್ಲಿ ಚೆನ್ನಾಗಿ ಹೀರಿಕೊಳ್ಳಲ್ಪಡುತ್ತದೆ ಎಂಬ ಸಂತೋಷ ಎದ್ದು ಕಾಣುತ್ತಿತ್ತು. ಅಣುತೂಕ ಸುಮಾರು 720. ನುಂಗುವ ಔಷಧದ ಅಣುತೂಕ 500 ದಾಟಬಾರದು ಎಂಬ ಸೂತ್ರವನ್ನು ಗಿಣಿಪಾಠದಂತೆ ಒಪ್ಪಿಸುವವರಿಗೆ ಇದನ್ನೊಮ್ಮೆ ತೋರಿಸಬೇಕು.

ತಯಾರಿಕೆಯ ಬಗ್ಗೆ ಒಂದು ಮಾತು. ಐಸೊಪ್ರೊಪೈಲ್ ಇರುವ ಥಯಾಜೋಲ್ ಅನ್ನು ಕಟ್ಟಲು ಬಳಸಿದ್ದು ಜರ್ಮನಿಯ ಹಾಂಟ್ಷ್ 1887ರಲ್ಲಿ ಕಂಡುಕೊಂಡ ಕ್ರಿಯೆ: ಗಂಧಕವಿರುವ ಥಯೊಅಮೈಡ್ ಒಂದನ್ನು ಕ್ಲೋರಿನ್ ಹೊತ್ತ ಕೀಟೋನ್ ಜೊತೆ ಸೇರಿಸಿದರೆ ಉಂಗುರ ತಾನಾಗಿ ಮುಚ್ಚಿಕೊಳ್ಳುತ್ತದೆ. ಬಿ.ಎಸ್‌ಸಿ. ಪಠ್ಯದಲ್ಲಿ ಎರಡು ಸಾಲಿನಲ್ಲಿ ಮುಗಿದುಹೋಗುವ ಕ್ರಿಯೆ. ಥಯೊಅಮೈಡ್ ತಯಾರಿಸುವ ಕೋಣೆಯ ವಾಸನೆ ಮಾತ್ರ ಯಾವ ಪಠ್ಯದಲ್ಲೂ ಇರುವುದಿಲ್ಲ.

72 ದಿನ

1996ರ ಮಾರ್ಚ್ 1ರಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ರಿಟೊನಾವಿರ್‌ಗೆ ಅನುಮತಿ ಕೊಟ್ಟಿತು. ಅರ್ಜಿ ಹಾಕಿ 72 ದಿನಗಳಾಗಿದ್ದವು. ಇಂದು ಕೇಳಿದರೆ ಅವಸರ ಎನ್ನಿಸಬಹುದು, ಆದರೆ ಅಂದಿನ ಲೆಕ್ಕವೇ ಬೇರೆ. ಕಾಯಿಲೆ ಬಲಿತ 1090 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ, ಇದ್ದ ಚಿಕಿತ್ಸೆಯ ಜೊತೆಗೆ ರಿಟೊನಾವಿರ್ ಪಡೆದವರ ಪೈಕಿ ಸುಮಾರು ಶೇ 22ರಷ್ಟು ಮಂದಿಗೆ ಕಾಯಿಲೆ ಉಲ್ಬಣಿಸಿತು ಅಥವಾ ಸಾವು ಬಂತು. ಹುಸಿ ಔಷಧ ಪಡೆದವರಲ್ಲಿ ಆ ಪ್ರಮಾಣ ಶೇ 37.5. ಇಂಥ ಅಂಕಿಯನ್ನು ಕೈಯಲ್ಲಿಟ್ಟುಕೊಂಡು ಕಡತವನ್ನು ವರ್ಷಗಟ್ಟಲೆ ಮೇಜಿನ ಮೇಲೆ ಮಲಗಿಸುವುದು ಅಪರಾಧವಾಗುತ್ತಿತ್ತು.

ಆದರೆ ನುಂಗಬೇಕಾದ ಪ್ರಮಾಣ ಹೊತ್ತಿಗೆ 600 ಮಿಲಿಗ್ರಾಂ, ದಿನಕ್ಕೆ ಎರಡು ಬಾರಿ. ಓಕರಿಕೆ, ಭೇದಿ, ಬಾಯಿಯ ಸುತ್ತ ಜೋಮು, ನಾಲಿಗೆಯ ಮೇಲೆ ಹೋಗದ ಕಹಿ, ರಕ್ತದಲ್ಲಿ ಏರುವ ಕೊಬ್ಬು. ಇದರ ಮೇಲೆ ಇನ್ನೊಂದು ತಲೆನೋವು: ರಿಟೊನಾವಿರ್ ತೆಗೆದುಕೊಳ್ಳುವವರು ಜೊತೆಗೆ ನುಂಗುವ ಬೇರೆ ಅನೇಕ ಔಷಧಗಳ ಮಟ್ಟ ರಕ್ತದಲ್ಲಿ ವಿಪರೀತ ಏರುತ್ತಿತ್ತು. ಒಟ್ಟಿಗೆ ಕೊಡಬಾರದ ಔಷಧಗಳ ಪಟ್ಟಿ ಮದುವೆ ಮನೆಯ ಸಾಮಾನಿನ ಚೀಟಿಯಷ್ಟು ಉದ್ದವಾಯಿತು. ವೈದ್ಯರಿಗೆ ಇದು ಬೇಸರದ ಔಷಧ.

ಬೀಗ ಬಿದ್ದದ್ದು ಎಲ್ಲಿ

ನಾವು ನುಂಗುವ ಔಷಧಗಳಲ್ಲಿ ಬಹುಪಾಲನ್ನು ಒಡೆಯುವುದು ಸೈಟೋಕ್ರೋಮ್ ಪಿ450 ಎಂಬ ದೊಡ್ಡ ಕುಟುಂಬದ ಕಿಣ್ವಗಳು. ಅವುಗಳಲ್ಲಿ ಅತಿ ಹೆಚ್ಚು ದುಡಿಯುವುದು 3ಎ4 ಎಂಬ ಸದಸ್ಯ; ಯಕೃತ್ತಿನಲ್ಲೂ ಇದೆ, ಕರುಳಿನ ಗೋಡೆಯಲ್ಲೂ ಇದೆ. ಅದರ ಹೊಟ್ಟೆಯಲ್ಲಿ ನಮ್ಮ ಹಿಮೊಗ್ಲೋಬಿನ್‌ನಲ್ಲಿರುವಂಥದೇ ಹೀಮ್ ಇದೆ, ಹೀಮ್‌ನ ನಡುವೆ ಕಬ್ಬಿಣದ ಒಂದು ಪರಮಾಣು. ಆ ಕಬ್ಬಿಣ ಆಮ್ಲಜನಕವನ್ನು ಹಿಡಿದು, ಎದುರಿಗೆ ಬಂದ ಔಷಧದ ಅಣುವಿಗೆ ಅಂಟಿಸುತ್ತದೆ. ಆಮ್ಲಜನಕ ಅಂಟಿದ ಅಣು ನೀರಿಗೆ ಒಗ್ಗುತ್ತದೆ, ದೇಹದಿಂದ ಹೊರಗೆ ಹೋಗುತ್ತದೆ.

ರಿಟೊನಾವಿರ್‌ನ ಬರಿಯ ಥಯಾಜೋಲ್, ಅಂದರೆ ಐಸೊಪ್ರೊಪೈಲ್ ಕವಲಿಲ್ಲದ್ದು, ಈ ಕಬ್ಬಿಣಕ್ಕೆ ನೇರವಾಗಿ ತನ್ನ ಸಾರಜನಕವನ್ನು ಚಾಚುತ್ತದೆ. ಆಮ್ಲಜನಕ ಕೂರಬೇಕಾದ ಪೀಠದಲ್ಲಿ ತಾನೇ ಕುಳಿತುಬಿಡುತ್ತದೆ. ಇನ್ನೊಂದು ಥಯಾಜೋಲ್‌ಗೆ ಈ ಕೆಲಸ ಸುಲಭವಲ್ಲ. ಅದರ ಸಾರಜನಕದ ಪಕ್ಕದಲ್ಲೇ ಐಸೊಪ್ರೊಪೈಲ್ ದಾರಿಗೆ ಅಡ್ಡ ನಿಂತಿದೆ. 2010ರಲ್ಲಿ ಕ್ಯಾಲಿಫೋರ್ನಿಯಾದ ಇರ್ವೈನ್‌ನಲ್ಲಿ ಸೆವ್ರಿಯುಕೋವಾ ಮತ್ತು ಪೌಲೋಸ್ 3ಎ4ರ ಒಳಗೆ ಕುಳಿತ ರಿಟೊನಾವಿರ್‌ನ ಸ್ಫಟಿಕ ಚಿತ್ರವನ್ನು ತೆಗೆದಾಗ, ಥಯಾಜೋಲ್‌ನ ಸಾರಜನಕ ಕಬ್ಬಿಣವನ್ನು ಹಿಡಿದುಕೊಂಡಿರುವುದು ಕಣ್ಣಿಗೇ ಕಂಡಿತು. ಕಿಣ್ವ ಕಾಯಂ ಆಗಿ ಕೆಡುವುದು ಈ ಹಿಡಿತದಿಂದಲೋ, ರಿಟೊನಾವಿರ್ ಒಡೆದಾಗ ಹುಟ್ಟುವ ಚೂರುಗಳಿಂದಲೋ ಎಂಬ ವಾದ ವಿಜ್ಞಾನಿಗಳ ನಡುವೆ ಇನ್ನೂ ಮುಗಿದಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಥಯಾಜೋಲ್ ತಂದದ್ದು ಯಕೃತ್ತು ಅದನ್ನು ತಿನ್ನದಿರಲಿ ಎಂದು. ಅದು ಉಳಿದುಕೊಂಡದ್ದು ರುಚಿಸದ ಉಂಗುರವಾದುದರಿಂದ ಮಾತ್ರವಲ್ಲ, ತಿನ್ನುವ ಬಾಯಿಯನ್ನೇ ಮುಚ್ಚಿಸಿದ್ದರಿಂದಲೂ ಹೌದು. ವಿನ್ಯಾಸಕಾರರು ಎಣಿಸಿದ್ದು ಮೊದಲನೆಯದನ್ನು. ಎರಡನೆಯದು ಕೊಸರಾಗಿ ಬಂತು.

ಆ ಕೊಸರಿಗೆ ಬೆಲೆ ಕಟ್ಟಿದ್ದು ಅಬಾಟ್‌ನ ಅದೇ ತಂಡ. ಆಗಿನ ಇನ್ನೊಂದು ಪ್ರೋಟಿಯೇಸ್ ಔಷಧ ಸಾಕ್ವಿನಾವಿರ್. 1995ರ ಡಿಸೆಂಬರಿನಲ್ಲಿ ಅನುಮತಿ ಪಡೆದ, ಈ ವರ್ಗದ ಮೊಟ್ಟಮೊದಲ ಔಷಧ. ನುಂಗಿದ್ದರಲ್ಲಿ ರಕ್ತಕ್ಕೆ ಸೇರುತ್ತಿದ್ದುದು ಸುಮಾರು ಶೇ 4 ಮಾತ್ರ; ಕರುಳು ಹೀರಿಕೊಂಡದ್ದರಲ್ಲೂ ಬಹುಪಾಲು 3ಎ4ರ ಪಾಲಾಗುತ್ತಿತ್ತು. ಜೊತೆಗೆ ಸ್ವಲ್ಪ ರಿಟೊನಾವಿರ್ ಕೊಟ್ಟರೆ ಸಾಕ್ವಿನಾವಿರ್ ಮಟ್ಟ ಹತ್ತಾರು ಪಟ್ಟು ಏರಿತು. 1997ರಲ್ಲಿ ಕೆಂಫ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದಾಗ ರಿಟೊನಾವಿರ್‌ನ ಎರಡನೆಯ ಬದುಕಿಗೆ ಅಡಿಗಲ್ಲು ಬಿತ್ತು. ವೈರಸ್ ಕೊಲ್ಲಲು 600 ಮಿಲಿಗ್ರಾಂ ಬೇಕು. 3ಎ4ಕ್ಕೆ ಬೀಗ ಹಾಕಲು 100 ಸಾಕು. ಜೋಮು, ಭೇದಿಗಳ ಕಾಟ ಅಷ್ಟು ಸಣ್ಣ ಪ್ರಮಾಣದಲ್ಲಿ ಬಹಳ ಕಡಿಮೆ.

1998ರ ಬೇಸಿಗೆ

ರಿಟೊನಾವಿರ್‌ನ ಪುಡಿ ಹಾಗೇ ನುಂಗಿದರೆ ದೇಹಕ್ಕೆ ಹತ್ತುವುದಿಲ್ಲ. ಆದ್ದರಿಂದ ಮದ್ಯಸಾರ ಮತ್ತು ನೀರಿನ ಮಿಶ್ರಣದಲ್ಲಿ ಕರಗಿಸಿ, ಗಟ್ಟಿಯೂ ಅಲ್ಲದ ದ್ರವವೂ ಅಲ್ಲದ ಹದದಲ್ಲಿ ಕ್ಯಾಪ್ಸೂಲಿಗೆ ತುಂಬುತ್ತಿದ್ದರು. ಕುಡಿಯುವ ದ್ರಾವಣವೂ ಇತ್ತು. ಘನರೂಪದ ಮಾತ್ರೆಗಳಲ್ಲಾದರೆ ಹರಳುಗಳ ಆಕಾರವನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಬೇಕು. ಇಲ್ಲಿ ಔಷಧ ಕರಗಿಯೇ ಇದೆಯಲ್ಲ, ಹರಳಿನ ಚಿಂತೆ ಯಾಕೆ ಎಂಬುದು ಅಂದಿನ ನಿಯಮಗಳ ತರ್ಕ. ಗೊತ್ತಿದ್ದ ಹರಳು ಒಂದೇ ಬಗೆಯದು. 240 ಬ್ಯಾಚ್ ಕ್ಯಾಪ್ಸೂಲ್‌ಗಳು ಯಾವ ತಕರಾರೂ ಇಲ್ಲದೆ ಹೊರಬಿದ್ದಿದ್ದವು.

1998ರ ಮಧ್ಯಭಾಗದಲ್ಲಿ ಕೆಲವು ಬ್ಯಾಚ್‌ಗಳು ಕರಗುವಿಕೆಯ ಪರೀಕ್ಷೆಯಲ್ಲಿ ಸೋತವು. ಕ್ಯಾಪ್ಸೂಲ್ ಒಡೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಳಗೆ ಹರಳುಗಳು ಕಂಡವು. ಕ್ಷ-ಕಿರಣ ಹಾಯಿಸಿ ನೋಡಿದರೆ ಅವು ಹಳೆಯ ಹರಳುಗಳಲ್ಲ. ಅಣು ಅದೇ, ರಾಸಾಯನಿಕವಾಗಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಜೋಡಣೆ ಮಾತ್ರ ಹೊಸದು. ಅದಕ್ಕೆ ಎರಡನೆಯ ರೂಪ ಎಂದು ಹೆಸರಾಯಿತು. ಒಂದೇ ಅಣು ಬೇರೆ ಬೇರೆ ಬಗೆಯಲ್ಲಿ ಹರಳುಗಟ್ಟುವುದಕ್ಕೆ ಬಹುರೂಪತೆ ಎನ್ನುತ್ತಾರೆ. ಇಲ್ಲಿ ಅಣುವಿನ ಮೈಕಟ್ಟೇ ತಿರುಚಿಕೊಂಡಿತ್ತು: ಬರಿಯ ಥಯಾಜೋಲ್ ಅನ್ನು ಅಣುವಿನ ಬೆನ್ನೆಲುಬಿಗೆ ಜೋಡಿಸುವ ಕಾರ್ಬಮೇಟ್ ಕೊಂಡಿ ಮೊದಲ ರೂಪದಲ್ಲಿ ಸಹಜ ಭಂಗಿಯಲ್ಲಿದ್ದರೆ, ಎರಡನೆಯದರಲ್ಲಿ ಇನ್ನೊಂದು ಮಗ್ಗುಲಿಗೆ ಹೊರಳಿತ್ತು. ಒಂಟಿ ಅಣುವಿಗೆ ಆ ಭಂಗಿ ಪ್ರಯಾಸದ್ದು. ಆದರೆ ಹಾಗೆ ಹೊರಳಿದ ಅಣುಗಳು ಒಟ್ಟು ಸೇರಿದಾಗ ಒಂದರ ಕೈ ಇನ್ನೊಂದು ಹಿಡಿದು ಬಹಳ ಗಟ್ಟಿಯಾದ ಹೈಡ್ರೋಜನ್ ಬಂಧಗಳ ಜಾಲ ಏರ್ಪಡುತ್ತದೆ. ಗಟ್ಟಿ ಹರಳು ಎಂದರೆ ಸುಲಭಕ್ಕೆ ಕರಗದ ಹರಳು.

ಮೊದಲ ರೂಪದ ದೃಷ್ಟಿಯಿಂದ ಕ್ಯಾಪ್ಸೂಲಿನ ದ್ರಾವಣದಲ್ಲಿ ಇನ್ನೂ ಜಾಗವಿತ್ತು. ಎರಡನೆಯ ರೂಪದ ದೃಷ್ಟಿಯಿಂದ ನೋಡಿದರೆ ಅದೇ ದ್ರಾವಣ ಅತಿಪರ್ಯಾಪ್ತ, ತಾಳಲಾರದಷ್ಟು ಔಷಧ ತುಂಬಿದ್ದು. ಎರಡು ವರ್ಷ ಅದು ಹರಳುಗಟ್ಟದೆ ಉಳಿದಿದ್ದೇ ಅದೃಷ್ಟ, ಯಾಕೆಂದರೆ ಎರಡನೆಯ ರೂಪದ ಮೊದಲ ಬೀಜ ತಾನಾಗಿ ಮೂಡುವುದು ಬಹಳ ಕಷ್ಟ. ಹಾಲಿನ ಪಾತ್ರೆಗೆ ಹೆಪ್ಪು ಬಿದ್ದ ಮೇಲೆ ಏನಾಗುತ್ತದೆಂದು ಅಡುಗೆಮನೆಯಲ್ಲಿ ಬೆಳೆದವರಿಗೆ ಹೇಳಬೇಕಿಲ್ಲ. ಇಲ್ಲಿ ಹೆಪ್ಪು ಬಿದ್ದಿತ್ತು.

ನಂತರದ ಕೆಲವು ವಾರಗಳ ವಿವರ ಓದುವಾಗ ರಸಾಯನಶಾಸ್ತ್ರದ ವರದಿಗಿಂತ ಸಾಂಕ್ರಾಮಿಕ ರೋಗದ ವರದಿಯಂತೆ ಕಾಣುತ್ತದೆ. ಕಚ್ಚಾ ಔಷಧ ತಯಾರಾಗುವ ವಿಭಾಗದಲ್ಲೂ ಕ್ಯಾಪ್ಸೂಲ್ ತುಂಬುವ ವಿಭಾಗದಲ್ಲೂ ಎರಡನೆಯ ರೂಪ ಹರಡಿತು. ಮೊದಲ ರೂಪ ಮಾಡಲು ಹೋದರೆ ಎರಡನೆಯದೇ ಬರುತ್ತಿತ್ತು. ಇಟಲಿಯ ಕಾರ್ಖಾನೆಯಲ್ಲಿ ಇನ್ನೂ ಮೊದಲ ರೂಪವೇ ತಯಾರಾಗುತ್ತಿತ್ತು. ಎರಡನೆಯ ರೂಪದ ನಡುವೆ ಕೆಲಸ ಮಾಡಿದ್ದ ತಂಡವೊಂದು ಅಲ್ಲಿಗೆ ಹೋಗಿ ಬಂದ ಸ್ವಲ್ಪ ಕಾಲದಲ್ಲೇ ಅಲ್ಲೂ ಎರಡನೆಯ ರೂಪ ಕಾಣಿಸಿಕೊಂಡಿತು. ಬಟ್ಟೆಗೋ ಬೂಟಿಗೋ ಅಂಟಿದ ಕಣ್ಣಿಗೆ ಕಾಣದ ಬೀಜ ಸಾಕು. ಇದೆಲ್ಲ ಮೊದಲು ಶುರುವಾದದ್ದು ಹೇಗೆ ಎಂದು ಅಬಾಟ್ ವಿಜ್ಞಾನಿಗಳು ಹುಡುಕಿದಾಗ, ರಿಟೊನಾವಿರ್ ಕ್ಷಾರದಲ್ಲಿ ಕೆಟ್ಟಾಗ ಹುಟ್ಟುವ ಒಂದು ಉಂಗುರಾಕಾರದ ಕಾರ್ಬಮೇಟ್ ಮೇಲೆ ಅನುಮಾನ ಹೋಯಿತು. ಅದರ ಹರಳು ಎರಡನೆಯ ರೂಪಕ್ಕೆ ಅಚ್ಚಾಗಿ ಒದಗಿರಬೇಕು ಎಂಬುದು ಅವರ ತರ್ಕ.

ಕಂಪನಿ ಕ್ಯಾಪ್ಸೂಲ್ ಮಾರಾಟ ನಿಲ್ಲಿಸಬೇಕಾಯಿತು. ರೋಗಿಗಳಿಗೆ ಉಳಿದ ದಾರಿ ಕುಡಿಯುವ ದ್ರಾವಣ: ಶೇ 43ರಷ್ಟು ಮದ್ಯಸಾರ, ಸಹಿಸಲಾರದ ಕಹಿ, ದಿನಕ್ಕೆರಡು ಬಾರಿ, ಬಿಡುವಂತಿಲ್ಲ. ಕುಡಿತ ಬಿಟ್ಟವರಿಗೂ ಅದೇ ದ್ರಾವಣ. ಎಚ್‌ಐವಿ ಔಷಧದಲ್ಲಿ ಒಂದೆರಡು ದಿನ ತಪ್ಪಿದರೂ ವೈರಸ್ ಔಷಧಕ್ಕೆ ಜಗ್ಗದಂತೆ ಬದಲಾಗಲು ಅವಕಾಶ ಸಿಗುತ್ತದೆ. ಹೀಗಾಗಿ ಇದು ಅನನುಕೂಲದ ಮಾತಷ್ಟೇ ಆಗಿರಲಿಲ್ಲ.

ಯಾರ ತಪ್ಪು ಎಂದು ಕೇಳಿದರೆ, ಈ ಘಟ್ಟದಲ್ಲಿ ನಾನು ಕಂಪನಿಯ ಪರ ನಿಲ್ಲುತ್ತೇನೆ. ಅಂದಿನ ನಿಯಮ ಕೇಳಿದ ಪರೀಕ್ಷೆಗಳು ನಡೆದಿದ್ದವು. ಅಸ್ತಿತ್ವದಲ್ಲೇ ಇಲ್ಲದ ಹರಳನ್ನು ಮೊದಲೇ ಪತ್ತೆ ಹಚ್ಚುವುದು ಯಾರಿಂದ ಸಾಧ್ಯ? ತಮ್ಮ ಮುಜುಗರವನ್ನು ಅವರು 2000 ಮತ್ತು 2001ರಲ್ಲಿ ಎರಡು ಲೇಖನಗಳಲ್ಲಿ ವಿವರವಾಗಿ ಬರೆದರು. ಇಂದು ಹೊಸ ಔಷಧದ ಹರಳುರೂಪಗಳನ್ನು ನೂರಾರು ದ್ರಾವಕಗಳಲ್ಲಿ ಹುಡುಕಿ ನೋಡುವ ಪದ್ಧತಿ ಬೆಳೆದದ್ದಕ್ಕೆ ಆ ಬರಹಗಳ ಋಣ ದೊಡ್ಡದು.

ಹರಳೇ ಬೇಡ

ಪರಿಹಾರ ಹಂತಹಂತವಾಗಿ ಬಂತು. ಹೆಪ್ಟೇನ್ ದ್ರವದಲ್ಲಿ ಮೊದಲ ರೂಪದ ಬೀಜಗಳನ್ನು ಬೇಕೆಂದೇ ಹಾಕಿ, ಅದಕ್ಕೆ ರಿಟೊನಾವಿರ್ ದ್ರಾವಣವನ್ನು ಸುರಿಯುವ ವಿಧಾನದಿಂದ ಮೊದಲ ರೂಪವನ್ನು ಮತ್ತೆ ಪಡೆಯುವುದು ಸಾಧ್ಯವಾಯಿತು. 1999ರಲ್ಲಿ ಮೃದು ಜೆಲಾಟಿನ್ ಕ್ಯಾಪ್ಸೂಲ್ ಬಂತು, ಆದರೆ ಫ್ರಿಜ್ಜಿನಲ್ಲಿಡಬೇಕು. ಶಿಕಾಗೊದಲ್ಲಿ ಇದು ದೊಡ್ಡ ಮಾತಲ್ಲ. ಮೇ ತಿಂಗಳ ರಾಯಚೂರಿನಲ್ಲಿ, ಕರೆಂಟು ಹೋಗಿ ಬರುವ ಮನೆಯಲ್ಲಿ, ಕಾಯಿಲೆಯನ್ನು ಅಕ್ಕಪಕ್ಕದವರಿಂದ ಮುಚ್ಚಿಟ್ಟುಕೊಂಡಿರುವವರಿಗೆ ಫ್ರಿಜ್ ಎಂಬ ಒಂದು ಷರತ್ತೇ ಚಿಕಿತ್ಸೆಯ ಬಾಗಿಲು ಮುಚ್ಚುತ್ತದೆ.

ನಿಜವಾದ ಬಿಡುಗಡೆ ಸಿಕ್ಕಿದ್ದು ಹರಳಿನ ಆಸೆಯನ್ನೇ ಬಿಟ್ಟಾಗ. ರಿಟೊನಾವಿರ್ ಅನ್ನು ಕೊಪೊವಿಡೋನ್ ಎಂಬ ಪಾಲಿಮರ್ ಜೊತೆ ಕಾಯಿಸಿ, ಕರಗಿಸಿ, ಚಕ್ಕುಲಿ ಒರಳಿನಿಂದ ಹಿಟ್ಟು ಒತ್ತಿದಂತೆ ಹೊರಗೆ ಒತ್ತಿ, ತಣಿಸುವುದು. ಅಣುಗಳು ಸಾಲಾಗಿ ಜೋಡಿಸಿಕೊಳ್ಳುವ ಮುನ್ನವೇ ಪಾಲಿಮರ್ ಅವುಗಳನ್ನು ಇದ್ದಲ್ಲೇ ಹಿಡಿದುಬಿಡುತ್ತದೆ. ಗಾಜಿನಂಥ ಸ್ಥಿತಿ, ರೂಪವೇ ಇಲ್ಲದ ಕಡೆ ಯಾವ ರೂಪ ಎಂಬ ಜಗಳವಿಲ್ಲ. ಲೋಪಿನಾವಿರ್ ಎಂಬ ಇನ್ನೊಂದು ಎಚ್‌ಐವಿ ಔಷಧದ ಜೊತೆಗಿನ ಇಂಥ ಮಾತ್ರೆ 2005ರಲ್ಲಿ, ರಿಟೊನಾವಿರ್ ಒಂದೇ ಇರುವ ಮಾತ್ರೆ 2010ರಲ್ಲಿ ಅನುಮತಿ ಪಡೆದವು. ಎರಡಕ್ಕೂ ಫ್ರಿಜ್ ಬೇಡ. ಪ್ಯಾಕ್ಸ್‌ಲೋವಿಡ್ ಪೊಟ್ಟಣದ ಬಿಳಿ ಮಾತ್ರೆ ಈ ಸಂತಾನದ್ದು.

ಬಹುರೂಪತೆಯ ವಿಷಯ ನಮ್ಮ ಕಾನೂನಿನ ಬಾಗಿಲಿಗೂ ಬಂದಿದೆ. 2005ರಲ್ಲಿ ತಿದ್ದುಪಡಿಯಾದ ಭಾರತದ ಪೇಟೆಂಟ್ ಕಾಯ್ದೆಯ 3(ಡಿ) ಕಲಮು, ಗೊತ್ತಿರುವ ವಸ್ತುವಿನ ಹೊಸ ಹರಳುರೂಪವನ್ನು ಹೊಸ ಆವಿಷ್ಕಾರ ಎಂದು ಒಪ್ಪುವುದಿಲ್ಲ, ಗುಣಕಾರಿ ಶಕ್ತಿ ಗಣನೀಯವಾಗಿ ಹೆಚ್ಚಿದ್ದರೆ ಹೊರತು. ರಿಟೊನಾವಿರ್‌ನ ಎರಡನೆಯ ರೂಪದಂಥದ್ದು ಈ ಕಲಮಿನ ಮುಂದೆ ನಿಂತರೆ ಹೇಗಿರುತ್ತದೆ ಎಂದು ಯೋಚಿಸಿದ್ದುಂಟು: ಹೊಸ ರೂಪವೇನೋ ಹೌದು, ಆದರೆ ಹಳೆಯದಕ್ಕಿಂತ ಕೆಟ್ಟದ್ದು!

ಬೆಲೆ

ಔಷಧದ ತಾಂತ್ರಿಕ ಕಷ್ಟಗಳು ತೀರುತ್ತಿದ್ದಾಗಲೇ ಇನ್ನೊಂದು ವಿವಾದ ಎದ್ದಿತು. 2003ರ ಡಿಸೆಂಬರಿನಲ್ಲಿ ಅಬಾಟ್ ಅಮೆರಿಕದಲ್ಲಿ 100 ಮಿಲಿಗ್ರಾಂ ಕ್ಯಾಪ್ಸೂಲಿನ ಬೆಲೆಯನ್ನು 1.71 ಡಾಲರಿನಿಂದ 8.57 ಡಾಲರಿಗೆ ಏರಿಸಿತು. ಇದರ ಹೊಡೆತ ಬಿದ್ದದ್ದು ಯಾರಿಗೆ ಎಂಬುದನ್ನು ಗಮನಿಸಬೇಕು. ಅಷ್ಟರಲ್ಲಿ ರಿಟೊನಾವಿರ್ ಬೇರೆ ಕಂಪನಿಗಳ ಪ್ರೋಟಿಯೇಸ್ ಔಷಧಗಳಿಗೆ ಜೊತೆಗಾರನಾಗಿ ಹೋಗುತ್ತಿತ್ತು. ಲೋಪಿನಾವಿರ್ ಜೊತೆ ಸೇರಿಸಿದ ಅಬಾಟ್‌ನ ಸ್ವಂತ ಜೋಡಿ ಕ್ಯಾಪ್ಸೂಲಿನೊಳಗಿದ್ದ ರಿಟೊನಾವಿರ್‌ಗೆ ಈ ಏರಿಕೆ ತಟ್ಟಲಿಲ್ಲ. ಸರ್ಕಾರದ ಅನುದಾನದಿಂದ ಹುಟ್ಟಿದ ಔಷಧವಾದ್ದರಿಂದ ಬೇರೆಯವರಿಗೂ ತಯಾರಿಸಲು ಪರವಾನಗಿ ಕೊಡಿಸಿ ಎಂಬ ಮನವಿ 1988ರ ಆ ಹಣವನ್ನೇ ಆಧಾರ ಮಾಡಿಕೊಂಡಿತ್ತು. 2004ರಲ್ಲಿ ಆರೋಗ್ಯ ಸಂಸ್ಥೆ ಮನವಿಯನ್ನು ತಿರಸ್ಕರಿಸಿತು. ಹರಳಿನ ವಿಷಯದಲ್ಲಿ ಕಂಪನಿಯ ಪರ ನಿಂತ ನಾನು ಇಲ್ಲಿ ನಿಲ್ಲಲಾರೆ. ಅದು ಪ್ರಕೃತಿ ಮಾಡಿದ್ದು, ಇದು ಲೆಕ್ಕಪತ್ರ ಮಾಡಿದ್ದು.

ಕವಲೊಡೆದ ವಂಶ

ರಿಟೊನಾವಿರ್‌ನ ನಂತರದ ಎರಡು ಅಣುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಥಯಾಜೋಲ್‌ಗಳ ಪಾತ್ರ ಸ್ಫುಟವಾಗುತ್ತದೆ. ಮೊದಲನೆಯದು ಲೋಪಿನಾವಿರ್. ರಿಟೊನಾವಿರ್ ಪಡೆಯುತ್ತಿದ್ದ ರೋಗಿಗಳಲ್ಲಿ ವೈರಸ್ ತನ್ನ 82ನೆಯ ಸ್ಥಾನದ ವ್ಯಾಲಿನ್ ಅನ್ನೇ ಬದಲಿಸಿಕೊಂಡು, ಐಸೊಪ್ರೊಪೈಲ್ ಥಯಾಜೋಲ್‌ಗೆ ಒರಗಲು ಗೋಡೆಯೇ ಇಲ್ಲದಂತೆ ಮಾಡಿತ್ತು. ಅಬಾಟ್‌ನವರು ಆ ಉಂಗುರವನ್ನು ತೆಗೆದರು, ಇನ್ನೊಂದು ತುದಿಯದನ್ನೂ ತೆಗೆದರು. ಬದಲಾದ ವೈರಸ್ಸಿನ ಮೇಲೂ ಲೋಪಿನಾವಿರ್ ಕೆಲಸ ಮಾಡಿತು. ಆದರೆ ಕಬ್ಬಿಣ ಹಿಡಿಯುವ ಥಯಾಜೋಲ್ ಇಲ್ಲದ್ದರಿಂದ 3ಎ4 ಅದನ್ನು ಕ್ಷಣದಲ್ಲಿ ನುಂಗಿಹಾಕುತ್ತಿತ್ತು. ಒಂಟಿಯಾಗಿ ಅದು ನಿಷ್ಪ್ರಯೋಜಕ. ಅಣ್ಣನನ್ನೇ ಜೊತೆಗೆ ಕಳುಹಿಸಬೇಕಾಯಿತು: 2000ದ ಸೆಪ್ಟೆಂಬರಿನಲ್ಲಿ ಅನುಮತಿ ಪಡೆದ ಕಲೆಟ್ರಾ ಎಂದರೆ ಲೋಪಿನಾವಿರ್ ಮತ್ತು ರಿಟೊನಾವಿರ್ ಒಂದೇ ಕ್ಯಾಪ್ಸೂಲಿನಲ್ಲಿ.

ಎರಡನೆಯದು ಗಿಲಿಯಡ್ ಕಂಪನಿಯ ಕೋಬಿಸಿಸ್ಟಾಟ್, 2012ರಲ್ಲಿ ನಾಲ್ಕು ಔಷಧಗಳ ಮಾತ್ರೆಯೊಂದರ ಭಾಗವಾಗಿ ಬಂದದ್ದು. ಇಲ್ಲಿ ನಡೆದದ್ದು ತಿರುವುಮುರುವು. ಎರಡೂ ಥಯಾಜೋಲ್‌ಗಳನ್ನು ಉಳಿಸಿಕೊಂಡು, ಪ್ರೋಟಿಯೇಸ್‌ನ ಹೃದಯಕ್ಕೆ ಚುಚ್ಚುವ ಹೈಡ್ರಾಕ್ಸಿಲ್ ಗುಂಪನ್ನು ಕಿತ್ತುಹಾಕಿದರು. ಎಚ್‌ಐವಿ ಮೇಲೆ ಅದಕ್ಕೆ ಯಾವ ಪ್ರಭಾವವೂ ಇಲ್ಲ. ವೈರಸ್ಸಿಗೂ ತನಗೂ ಸಂಬಂಧವಿಲ್ಲವೆಂದು ಪ್ರಮಾಣ ಮಾಡಿ ಎಚ್‌ಐವಿ ಚಿಕಿತ್ಸೆಗೆ ಬಂದ ಅಣು ಅದು. ಸಣ್ಣ ಪ್ರಮಾಣದ ರಿಟೊನಾವಿರ್‌ನಿಂದ ವೈರಸ್ ಅರೆಬರೆ ಪಾಠ ಕಲಿತು ಬದಲಾಗಬಹುದೆಂಬ ಭಯ ಇಲ್ಲಿಲ್ಲ.

ಬಿಳಿ ಮಾತ್ರೆಯ ಎಚ್ಚರಿಕೆಗಳು

2021ರ ಡಿಸೆಂಬರ್ 22ರಂದು ಪ್ಯಾಕ್ಸ್‌ಲೋವಿಡ್‌ಗೆ ಅಮೆರಿಕದಲ್ಲಿ ತುರ್ತು ಅನುಮತಿ ಸಿಕ್ಕಿತು. 2022ರ ಮಾರ್ಚಿನಲ್ಲಿ ಔಷಧ ಪೇಟೆಂಟ್ ಒಕ್ಕೂಟದ ಮೂಲಕ ಇದನ್ನು ಕಡಿಮೆ ಬೆಲೆಗೆ ತಯಾರಿಸಲು 35 ಕಂಪನಿಗಳಿಗೆ ಒಪ್ಪಿಗೆ ದೊರೆತಾಗ ಅವುಗಳಲ್ಲಿ 19 ಭಾರತದವು. ಬೆಂಗಳೂರಿನ ಸ್ಟ್ರೈಡ್ಸ್ ಕೂಡ ಅದರಲ್ಲಿತ್ತು.

ನಮ್ಮ ಕಡೆ ಈ ಬೀಗದ ಅತಿ ದೊಡ್ಡ ತೊಡಕು ಕ್ಷಯ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ 3ಎ4ರ ಉತ್ಪಾದನೆಯನ್ನೇ ಹೆಚ್ಚಿಸುತ್ತದೆ. ರಿಟೊನಾವಿರ್ ಒಂದು ಬಾಗಿಲಿಗೆ ಬೀಗ ಹಾಕುವಷ್ಟರಲ್ಲಿ ರಿಫಾಂಪಿಸಿನ್ ಹತ್ತು ಹೊಸ ಬಾಗಿಲು ತೆರೆದಿರುತ್ತದೆ. ರಿಟೊನಾವಿರ್ ಕಾವಲಿದ್ದರೂ ಲೋಪಿನಾವಿರ್ ಮಟ್ಟ ಸುಮಾರು ಶೇ 75ರಷ್ಟು ಕುಸಿಯುತ್ತದೆ. ಎಚ್‌ಐವಿ ಮತ್ತು ಕ್ಷಯ ಒಟ್ಟಿಗಿರುವವರು ನಮ್ಮಲ್ಲಿ ಕಡಿಮೆಯೇನಲ್ಲ. ಅಂಥವರು ರಿಟೊನಾವಿರ್ ಇರುವ ಚಿಕಿತ್ಸೆಯಲ್ಲಿದ್ದರೆ ರಿಫಾಂಪಿಸಿನ್ ಬದಲು ರಿಫಾಬ್ಯುಟಿನ್ ಬಳಸುವುದು ಇದಕ್ಕಾಗಿ. ಆಸ್ತಮಾಕ್ಕೆ ಫ್ಲೂಟಿಕಾಸೋನ್ ಇನ್‌ಹೇಲರ್ ಎಳೆಯುವವರ ಕಥೆ ಇನ್ನೊಂದು. ಆ ಸ್ಟೀರಾಯ್ಡ್ ಶ್ವಾಸಕೋಶದಿಂದ ರಕ್ತಕ್ಕೆ ಜಾರಿದಷ್ಟನ್ನು 3ಎ4 ಒರೆಸಿಹಾಕುತ್ತದೆ ಎಂಬ ಭರವಸೆಯ ಮೇಲೆ ಅದು ಸುರಕ್ಷಿತ. ಬೀಗ ಬಿದ್ದರೆ ಸ್ಟೀರಾಯ್ಡ್ ಮೈಯಲ್ಲಿ ತುಂಬಿಕೊಂಡು ಮುಖ ಊದುತ್ತದೆ, ಸಕ್ಕರೆ ಏರುತ್ತದೆ. ಕೊಲೆಸ್ಟ್ರಾಲಿಗೆ ನುಂಗುವ ಸಿಮ್ವಾಸ್ಟಾಟಿನ್ ಮಾಂಸಖಂಡಗಳನ್ನೇ ಕರಗಿಸುವ ಮಟ್ಟಕ್ಕೆ ಹೋಗಬಹುದು. ಐದೇ ದಿನದ ಕೋವಿಡ್ ಚಿಕಿತ್ಸೆಗೂ ಮೊದಲು ವೈದ್ಯರು ನಿಮ್ಮ ಎಲ್ಲ ಮಾತ್ರೆಗಳ ಪಟ್ಟಿ ಕೇಳಿದರೆ ಬೇಸರ ಪಡಬೇಡಿ. ಕೇಳದಿದ್ದರೆ ನೀವಾಗಿಯೇ ಕೊಡಿ.

ಇನ್ನು ಹರಳಿನ ವಿಚಾರ. ಕಾಲು ಶತಮಾನ ಸಂಶೋಧಕರು ರಿಟೊನಾವಿರ್ ಅನ್ನು ಜಾಲಾಡಿದ್ದರು; ದ್ರಾವಣದಿಂದ ಹರಳುಗಟ್ಟಿಸುವ ಎಲ್ಲ ದಾರಿ ಹುಡುಕಿದ್ದರು. 2023ರಲ್ಲಿ, ಅಬಾಟ್‌ನಿಂದ ಬೇರ್ಪಟ್ಟ ಆಬ್‌ವೀ ಕಂಪನಿಯವರೂ ಇನ್ನೊಂದು ತಂಡದವರೂ, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಕಂಡ ಮೂರನೆಯ ರೂಪದ ವರದಿ ಹೊರಬಂತು. ಅದು ಹುಟ್ಟಿದ್ದು ದ್ರಾವಣದಲ್ಲಲ್ಲ, ಕರಗಿಸಿ ತಣಿಸಿದ ಗಾಜಿನಂಥ ರಿಟೊನಾವಿರ್‌ನಲ್ಲಿ. ಬಿಳಿ ಮಾತ್ರೆಯೊಳಗೆ ಪಾಲಿಮರ್ ಹಿಡಿದಿಟ್ಟಿರುವುದೂ ಅದೇ ಗಾಜನ್ನು.